ಕ್ರಿಪ್ಟಾನ್ ಅಷ್ಟು ತಣ್ಣಗಿರಬೇಕಿತ್ತೇ?

ಭಾನುವಾರ, 20 ಜುಲೈ 2025
ಬೆಂಗಳೂರು

ಹೊಸ ಸೂಪರ್‌ಮ್ಯಾನ್ ಸಿನಿಮಾ ನೋಡಿ ಬಂದವರೆಲ್ಲ ಈ ವಾರ ಒಂದೇ ವಿಷಯಕ್ಕೆ ಜಗ್ಗಾಡುತ್ತಿದ್ದಾರೆ. ಸೂಪರ್‌ಮ್ಯಾನ್‌ನ ಮೂಲ ಗ್ರಹ ಕ್ರಿಪ್ಟಾನಿನ ಅಪ್ಪ ಅಮ್ಮ ಮಗುವಿನ ಜೊತೆ ಕಳಿಸಿದ ಸಂದೇಶದ ಎರಡನೇ ಅರ್ಧ, ಭೂಮಿಯ ಜನರನ್ನು ಆಳು ಎನ್ನುವ ಮಾತು, ಹಾಗಿರಬೇಕಿತ್ತೇ, ಹೆತ್ತವರನ್ನು ಅಷ್ಟು ಕೆಟ್ಟವರನ್ನಾಗಿ ಮಾಡಬಹುದೇ ಅಂತ. ಕಾಮಿಕ್ಸ್ ಓದುವವರಿಗೆ ಇದು ಹಳೇ ಜಗಳ. 1986ರಲ್ಲಿ ಜಾನ್ ಬರ್ನ್ ಬರೆದು ಚಿತ್ರಿಸಿದ ‘ದಿ ಮ್ಯಾನ್ ಆಫ್ ಸ್ಟೀಲ್’ ಬಂದಾಗಿನಿಂದ ಇದು ನಿಂತೇ ಇಲ್ಲ. ಚರ್ಚ್ ಸ್ಟ್ರೀಟಿನ ಹಳೇ ಪುಸ್ತಕದಂಗಡಿಯಲ್ಲಿ ಎಂದೋ ಕೊಂಡ ಸಂಗ್ರಹ ಮನೆಯಲ್ಲಿತ್ತು. ಊಟ ಆದಮೇಲೆ ಹಿಡಿದು ಕೂತವನು ಆರೂ ಸಂಚಿಕೆ ಮುಗಿಸಿಯೇ ಎದ್ದೆ. ಈ ಪುಸ್ತಕದ ಬಗ್ಗೆ ಬೇರೆ ಬೇರೆಯವರ ಬಾಯಲ್ಲಿ ಕೇಳಿದ ಮಾತುಗಳು ತಲೆಯಲ್ಲಿ ಓಡುತ್ತಿವೆ. ಮರೆಯುವ ಮೊದಲು ಬರೆದಿಡಬೇಕು.

ಓದದವರಿಗಾಗಿ ಒಂದಿಷ್ಟು ಹಿನ್ನೆಲೆ. ಜೆರ್ರಿ ಸೀಗಲ್ ಮತ್ತು ಜೋ ಶಸ್ಟರ್ 1938ರಲ್ಲಿ ಸೂಪರ್‌ಮ್ಯಾನ್‌ನನ್ನು ಓದುಗರ ಮುಂದೆ ತಂದರು. ಮುಂದಿನ ಐವತ್ತು ವರ್ಷಗಳಲ್ಲಿ ಆ ಕಥೆಗೆ ಏನೇನೋ ಸೇರಿಕೊಂಡಿತು. ಬಾಟಲಿಯೊಳಗಿನ ಕ್ಯಾಂಡರ್ ನಗರ, ಚಿಕ್ಕಪ್ಪನ ಮಗಳು ಸೂಪರ್‌ಗರ್ಲ್, ಹಾರುವ ನಾಯಿ ಕ್ರಿಪ್ಟೋ, ಹುಡುಗನಾಗಿದ್ದಾಗಲೇ ವೇಷ ತೊಟ್ಟ ಸೂಪರ್‌ಬಾಯ್, ಸಿಡಿದ ಕ್ರಿಪ್ಟಾನಿನ ಚೂರುಗಳಾದ ಬಣ್ಣಬಣ್ಣದ ಕ್ರಿಪ್ಟೋನೈಟ್ ಕಲ್ಲುಗಳು. ಕ್ರಿಪ್ಟಾನ್ ಸಿಡಿದು ಒಬ್ಬನೇ ಉಳಿದ ಎಂಬ ಕಥೆಯಲ್ಲಿ ಉಳಿದುಕೊಂಡವರೇ ಒಂದು ದಂಡಾಗಿದ್ದರು! 1985–86ರ ‘ಕ್ರೈಸಿಸ್ ಆನ್ ಇನ್ಫಿನಿಟ್ ಅರ್ಥ್ಸ್’ ಎಂಬ ಕಾಮಿಕ್ಸ್ ಸರಣಿ ಮುಗಿಯುವಷ್ಟರಲ್ಲಿ, ಸೂಪರ್‌ಮ್ಯಾನ್ ಕಥೆಗಳನ್ನು ಪ್ರಕಟಿಸುವ ಡಿಸಿ ಕಂಪನಿ ಎಲ್ಲವನ್ನೂ ಒರೆಸಿ ಮೊದಲಿಂದ ಶುರು ಮಾಡುವ ತೀರ್ಮಾನಕ್ಕೆ ಬಂದಿತ್ತು. ಎಕ್ಸ್-ಮೆನ್, ಫೆಂಟಾಸ್ಟಿಕ್ ಫೋರ್ ಮಾಡಿ ಹೆಸರಾಗಿದ್ದ ಬರ್ನ್ ಕೈಗೆ ಕೆಲಸ ಬಂತು. ಪೆನ್ಸಿಲ್ ಚಿತ್ರದ ಮೇಲೆ ಶಾಯಿ ತೀಡುವ ಇಂಕಿಂಗ್ ಕೆಲಸ ಡಿಕ್ ಜಿಯೋರ್ಡಾನೋ ಅವರದು. ಎರಡು ವಾರಕ್ಕೊಂದರಂತೆ ಆರು ಸಂಚಿಕೆ.

ಜಗಳವೆಲ್ಲ ಶುರುವಾಗುವುದು ಮೊದಲ ಕೆಲವೇ ಪುಟಗಳಲ್ಲಿ. ಬರ್ನ್ ತೋರಿಸುವ ಕ್ರಿಪ್ಟಾನ್ ಬಣಗುಡುವ ಜಗತ್ತು. ಜನ ಮೈ ಪೂರ್ತಿ ಮುಚ್ಚುವ ಬಿಗಿ ಉಡುಪಿನಲ್ಲಿರುತ್ತಾರೆ, ಒಬ್ಬರನ್ನೊಬ್ಬರು ಮುಟ್ಟುವುದಿಲ್ಲ. ಮಗು ತಾಯಿಯ ಹೊಟ್ಟೆಯಲ್ಲಿಲ್ಲ, ಯಂತ್ರದ ಗರ್ಭದಲ್ಲಿ ಬೆಳೆಯುತ್ತಿದೆ. ಮಗುವನ್ನು ಎಲ್ಲಿಗೆ ಕಳಿಸುತ್ತಿದ್ದೇನೆಂದು ಅಪ್ಪ ಜೋರ್-ಎಲ್ ತೋರಿಸುವಾಗ ಪರದೆಯ ಮೇಲೆ ಕ್ಯಾನ್ಸಸ್‌ನ ರೈತನೊಬ್ಬ ಕಾಣುತ್ತಾನೆ. ಬಿಸಿಲಿಗೆ ಅಂಗಿ ಬಿಚ್ಚಿ ಹೊಲದಲ್ಲಿ ನಿಂತಿದ್ದಾನೆ, ಅಷ್ಟೇ. ಅದನ್ನು ನೋಡಿ ಅಮ್ಮ ಲಾರಾ ಬೆಚ್ಚಿಬೀಳುತ್ತಾಳೆ. ಬರಿಮೈ ಗಾಳಿಗೆ ಒಡ್ಡಿಕೊಂಡಿದ್ದಾನಲ್ಲ, ಎದೆಯ ಮೇಲೆ ಕೂದಲು ಬೇರೆ ಅಂತ. ಒಂದು ನಾಗರಿಕತೆ ಎಷ್ಟು ಒಣಗಿಹೋಗಿದೆ ಎಂದು ಹೇಳಲು ಇಷ್ಟು ಸಾಕು. ಬರ್ನ್ ಕೈಚಳಕಕ್ಕೆ ನಾನು ಮನಸಾರೆ ತಲೆದೂಗುವ ಜಾಗ ಇದು.

ಅಕ್ಕನ ಮಗಳು ಸೂಪರ್‌ಮ್ಯಾನ್ ಲೋಕಕ್ಕೆ ಬಂದಿದ್ದೇ ಸಿನಿಮಾದಿಂದ. ಹಿಂದಿನ ವಾರ ನಮ್ಮ ಮನೆಗೆ ಬಂದಾಗ ಈ ಪುಟಗಳನ್ನು ನೋಡಿ, “ಮಾಮ, ಇವರಿಬ್ರೂ ಗಂಡ ಹೆಂಡ್ತಿನಾ? ಒಂದು ಸಲಾನೂ ಹತ್ರ ಬಂದು ನಿಂತಿಲ್ವಲ್ಲ” ಅಂದಳು. ಅವಳಿಗೆ ಹಿಡಿಸಲಿಲ್ಲ. ಮಗುವನ್ನು ಕಳಿಸುವಾಗ ಅಮ್ಮ ಅಳಬೇಕು, ಅಪ್ಪನ ಕೈ ನಡುಗಬೇಕು, ಆಗ ತಾನೇ ಅದು ಬೀಳ್ಕೊಡುಗೆ ಎನ್ನುವುದು ಅವಳ ವಾದ. ಹಳೇ ಓದುಗರಲ್ಲೂ ಎಷ್ಟೋ ಜನರ ದೂರು ಇದೇ. ಹಳೇ ಕಥೆಗಳ ಕ್ರಿಪ್ಟಾನ್‌ನಲ್ಲಿ ರತ್ನದ ಬೆಟ್ಟಗಳಿದ್ದವು, ಹಬ್ಬಗಳಿದ್ದವು, ಅದು ಕಳೆದುಹೋದದ್ದಕ್ಕೆ ಸೂಪರ್‌ಮ್ಯಾನ್ ಜೊತೆ ಓದುವವರೂ ಕೊರಗುತ್ತಿದ್ದರು.

ಆಫೀಸಿನಲ್ಲಿ ನನಗಿಂತ ಹಿರಿಯರೊಬ್ಬರಿದ್ದಾರೆ. ಎಂಬತ್ತರ ದಶಕದಲ್ಲೇ ಯಾರ್ಯಾರಿಂದಲೋ ತರಿಸಿ ಇದನ್ನು ಓದಿದವರು. ಅವರದು ಪೂರಾ ಉಲ್ಟಾ. “ನೋಡಿ, ಮುಟ್ಟೋದೇ ತಪ್ಪು ಅನ್ನೋ ಊರಲ್ಲಿ ಒಬ್ಬ ಕೊನೇ ಗಳಿಗೇಲಿ ಹೆಂಡ್ತಿಗೆ ನಿನ್ನ ಕಂಡ್ರೆ ಪ್ರೀತಿ ಅಂತಾನೆ. ಅದಕ್ಕಿಂತ ದೊಡ್ಡ ಮಾತು ಇನ್ನೇನ್ ಬೇಕು ನಿಮಗೆ?” ಅವರ ಮಾತು ಗಟ್ಟಿ. ಪ್ರೀತಿ ಸಲೀಸಾಗಿ ಸಿಗುವ ಊರಿನಲ್ಲಿ ಜೋರ್-ಎಲ್ ಹಾಗೆ ಹೇಳಿದ್ದರೆ ಆ ಚೌಕ ನಮ್ಮ ಮನಸ್ಸಿನಲ್ಲಿ ನಿಲ್ಲುತ್ತಿರಲಿಲ್ಲ.

ಹೊತ್ತು ತಂದು ಸಾಕಿದವರ ವಿಷಯಕ್ಕೆ ಬಂದರೆ ಬರ್ನ್ ಮಾಡಿದ್ದಕ್ಕೆ ನನ್ನ ಪೂರ್ಣ ಸಮ್ಮತಿ. ಹಿಂದಿನ ಕಥೆಯಲ್ಲಿ ಜೊನಾಥನ್ ಮತ್ತು ಮಾರ್ಥಾ ಕೆಂಟ್, ಅವರು ಕ್ಲಾರ್ಕ್ ಎಂದು ಹೆಸರಿಟ್ಟು ಸಾಕಿದ ಮಗ ದೊಡ್ಡವನಾಗುವ ಹೊತ್ತಿಗೆ ತೀರಿಕೊಂಡಿರುತ್ತಿದ್ದರು. ಬರ್ನ್ ಇಬ್ಬರನ್ನೂ ಬದುಕಿಸಿಕೊಂಡರು. ಸಾಕಿದ ಅಮ್ಮನ ಅಂಗಳದಲ್ಲೇ ದೇವರು ದೊಡ್ಡವನಾದ ಕಥೆ ಕೇಳಿ ಬೆಳೆದ ನಮಗೆ ಇದು ಎಷ್ಟು ಮುಖ್ಯ ಅಂತ ಬಿಡಿಸಿ ಹೇಳಬೇಕಿಲ್ಲ. ಫುಟ್‌ಬಾಲ್ ಆಟದಲ್ಲಿ ಕ್ಲಾರ್ಕ್ ಒಬ್ಬನೇ ಗೆದ್ದು ಬೀಗುತ್ತಾನೆ, ಜೊತೆಯ ಹುಡುಗರು ಬೆಂಚಿನಲ್ಲಿ ಕೂತು ಮುಖ ಸಿಂಡರಿಸುತ್ತಾರೆ. ಆಟ ಮುಗಿದ ಮೇಲೆ ಅಪ್ಪ ಅವನನ್ನು ಕರೆದುಕೊಂಡು ಹೋಗಿ, ಅವನು ಬಂದ ನೌಕೆಯನ್ನು ತೋರಿಸುತ್ತಾನೆ. ನಿನ್ನ ಶಕ್ತಿ ಬೇರೆಯವರನ್ನು ಕೈಲಾಗದವರನ್ನಾಗಿ ಮಾಡಬಾರದು ಎಂದು ಬುದ್ಧಿ ಹೇಳುತ್ತಾನೆ. ಗುಡುಗು ಮಿಂಚು ಏನೂ ಇಲ್ಲ. ಹೊಲದ ನಡುವೆ ಅಪ್ಪ, ಮಗ ಇಬ್ಬರೇ.

ಇನ್ನೊಂದು ದೃಶ್ಯ ಇದಕ್ಕಿಂತ ಒಂದು ಕೈ ಮೇಲು. ಪತ್ರಕರ್ತೆ ಲೋಯಿಸ್ ಲೇನ್ ಇದ್ದ ಬಾಹ್ಯಾಕಾಶ ವಿಮಾನ ಬೀಳುವಾಗ ಕ್ಲಾರ್ಕ್ ಮಾಮೂಲಿ ಬಟ್ಟೆಯಲ್ಲೇ ಹಾರಿ ಹೋಗಿ ಹಿಡಿದು ಇಳಿಸುತ್ತಾನೆ. ಇಳಿದದ್ದೇ ತಡ, ಜನ ಮುತ್ತಿಕೊಳ್ಳುತ್ತಾರೆ. ಒಬ್ಬೊಬ್ಬರಿಗೂ ಅವನಿಂದ ಏನಾದರೂ ಬೇಕು. ಎಳೆದಾಡುತ್ತಾರೆ, ಕೂಗುತ್ತಾರೆ, ಮೈಮೇಲೆ ಬೀಳುತ್ತಾರೆ. ಅಲ್ಲಿಂದ ಅವನು ಹಾರಿಹೋಗುವುದು ನೇರ ಮನೆಗೆ. ಭೂಮಿಯಲ್ಲೇ ಬಲಶಾಲಿಯಾದ ಹುಡುಗ ಹೆದರಿ ಅಪ್ಪ ಅಮ್ಮನ ಹತ್ತಿರ ಬಂದು ಕೂತಿದ್ದಾನೆ! ವೇಷ ಬೇಕು ಎಂಬ ಯೋಚನೆ ಬರುವುದು ಆ ಹೆದರಿಕೆಯಿಂದ, ಹೊಲಿಯುವವಳು ಅಮ್ಮ. ಮೈಗಂಟಿದ ಬಟ್ಟೆ ಅವನಷ್ಟೇ ಗಟ್ಟಿ, ಬೆನ್ನ ಹಿಂದೆ ಹಾರಾಡುವ ಕೇಪ್ ಮಾತ್ರ ಹರಿಯುತ್ತದೆ ಎಂಬ ಲೆಕ್ಕಾಚಾರವೂ ಬರ್ನ್ ಅವರದೇ. ಆಮೇಲೆ ಬಂದ ಚಿತ್ರಕಾರರಿಗೆ ಹರಿದ ಕೇಪ್ ಎಷ್ಟು ಉಪಯೋಗಕ್ಕೆ ಬಂತು ಎಂದು ಆ ಕಾಲದ ಪುಸ್ತಕ ತಿರುವಿದವರಿಗೆ ಗೊತ್ತು.

ಹಾಗಾಗಿ ಈ ಪುಸ್ತಕದಲ್ಲಿ ಕ್ಲಾರ್ಕ್ ಕೆಂಟ್ ನಿಜವಾದ ಮನುಷ್ಯ, ಸೂಪರ್‌ಮ್ಯಾನ್ ಅವನು ಹೊರಗೆ ಹೋಗುವಾಗ ಹಾಕಿಕೊಳ್ಳುವ ಅಂಗಿ. ಹಿಂದೆ ಇದು ತಿರುವುಮುರುವಾಗಿತ್ತು. ಎಡವುವ, ತೊದಲುವ ಪೆದ್ದ ಕ್ಲಾರ್ಕ್ ಬರೀ ನಟನೆಯಾಗಿದ್ದ. ನನಗೆ ಬರ್ನ್ ದಾರಿಯೇ ಸರಿ. ಜನರ ನಡುವೆ ಬದುಕುವುದಕ್ಕೆ ಪ್ರತಿದಿನ ಪೆದ್ದನ ಹಾಗೆ ನಟಿಸುವವನು ಜನರನ್ನು ಹೇಗೆ ಗೌರವಿಸಿಯಾನು? 1993ರಲ್ಲಿ ಶುರುವಾದ ‘ಲೋಯಿಸ್ ಅಂಡ್ ಕ್ಲಾರ್ಕ್’ ಧಾರಾವಾಹಿ ಹಿಡಿದದ್ದೂ ಇದೇ ದಾರಿಯನ್ನು. ಅಲ್ಲೂ ಕೆಂಟ್ ದಂಪತಿ ಬದುಕಿದ್ದಾರೆ.

ಕಥೆಯ ಮುಖ್ಯ ಖಳ ಲೂಥರ್ ವಿಷಯದಲ್ಲಿ ಮಾತ್ರ ಹೆಚ್ಚು ಜಗಳವಿಲ್ಲ. ಸೂಪರ್‌ಬಾಯ್‌ನಿಂದ ತಲೆಗೂದಲು ಹೋಯಿತೆಂದು ಹಗೆ ಸಾಧಿಸುವ ವಿಜ್ಞಾನಿ ಹೋಗಿ, ಊರನ್ನೇ ಕೊಂಡುಕೊಂಡ ಉದ್ಯಮಿ ಬಂದ. ಈ ಯೋಚನೆ ಇನ್ನೊಬ್ಬ ಕಾಮಿಕ್ಸ್ ಬರಹಗಾರ ಮಾರ್ವ್ ವುಲ್ಫ್‌ಮನ್ ಅವರದು. ನಾಲ್ಕನೇ ಸಂಚಿಕೆಯಲ್ಲಿ ತನ್ನ ಹಡಗಿನ ಮೇಲೆ ದಾಳಿಯಾಗುತ್ತದೆಂದು ಗೊತ್ತಿದ್ದೂ ಅವನು ಸುಮ್ಮನಿರುತ್ತಾನೆ, ಸೂಪರ್‌ಮ್ಯಾನ್ ಕೈಕೆಲಸ ನೋಡಬೇಕು ಅಂತ. ಅದಕ್ಕೆ ಮೇಯರ್ ಅಲ್ಲೇ ಸೂಪರ್‌ಮ್ಯಾನ್‌ಗೆ ಅಧಿಕಾರ ಕೊಟ್ಟು ಲೂಥರ್‌ನನ್ನು ಬಂಧಿಸಲು ಹೇಳುತ್ತಾರೆ. ತನ್ನನ್ನೂ ಹಿಡಿದು ಒಳಗೆ ಹಾಕಬಹುದು ಎಂದು ಗೊತ್ತಾದ ದಿನದಿಂದ ಲೂಥರ್‌ಗೆ ಹೊಟ್ಟೆಯೊಳಗೆ ಬೆಂಕಿ. ಹಗೆಗೆ ಇದಕ್ಕಿಂತ ನಂಬುವಂಥ ಕಾರಣ ಬೇಡ.

ಐದನೇ ಸಂಚಿಕೆಯಲ್ಲಿ ಸೂಪರ್‌ಮ್ಯಾನ್‌ನ ಕೆಟ್ಟುಹೋದ ನಕಲು ಬಿಜಾರೋನ ಕಥೆ ನನಗೆ ಅಷ್ಟಕ್ಕಷ್ಟೇ. ಮೂರನೆಯದರಲ್ಲಿ ಬ್ಯಾಟ್‌ಮ್ಯಾನ್ ಜೊತೆಗಿನ ಮೊದಲ ಭೇಟಿ ಚೆನ್ನಾಗಿದೆ, ಇಬ್ಬರೂ ಒಬ್ಬರನ್ನೊಬ್ಬರು ಅನುಮಾನದಿಂದಲೇ ನೋಡುತ್ತಾರೆ. ಸೂಪರ್‌ಬಾಯ್ ಇಲ್ಲವಾಗಿದ್ದಕ್ಕೆ ಭವಿಷ್ಯದ ಕಾಲದ ವೀರರ ತಂಡವಾದ ಲೀಜನ್ ಆಫ್ ಸೂಪರ್-ಹೀರೋಸ್ ಅಭಿಮಾನಿಗಳು ಇವತ್ತಿಗೂ ಬರ್ನ್‌ರನ್ನು ಕ್ಷಮಿಸಿಲ್ಲ. ಅವರ ಸಿಟ್ಟು ನ್ಯಾಯವಾದದ್ದು. ಸೂಪರ್‌ಬಾಯ್‌ನನ್ನು ನೋಡಿಯೇ ಹುಟ್ಟಿದ ತಂಡಕ್ಕೆ ಅವನೇ ಇಲ್ಲ ಅಂದರೆ ಬುಡವೇ ಹೋದಂತೆ. 1987ರಲ್ಲಿ ಅದಕ್ಕೊಂದು ತೇಪೆ ಹಾಕಲು ಇನ್ನೊಂದು ಪುಟ್ಟ ಬ್ರಹ್ಮಾಂಡವನ್ನೇ ಸೃಷ್ಟಿಸಬೇಕಾಯಿತು.

ಈಗ ಕೊನೇ ಪುಟ. ಆರನೇ ಸಂಚಿಕೆಯಲ್ಲಿ ಕ್ಲಾರ್ಕ್ ಊರಿಗೆ ಬಂದಿದ್ದಾಗ ಜೋರ್-ಎಲ್ ಬಿಂಬ ಎದುರು ನಿಂತು ಕ್ರಿಪ್ಟಾನಿನ ಜ್ಞಾನವನ್ನೆಲ್ಲ ಅವನ ತಲೆಗೆ ತುಂಬುತ್ತದೆ. ತಾನು ಯಾರು ಎಂದು ಅವನಿಗೆ ಗೊತ್ತಾಗುವುದೇ ಆಗ. ಕೊನೆಯಲ್ಲಿ ಅವನು ಮಾಡುವ ತೀರ್ಮಾನ, ನನ್ನನ್ನು ಸೂಪರ್‌ಮ್ಯಾನ್ ಮಾಡಿದ್ದು ಕ್ರಿಪ್ಟಾನ್, ಆದರೆ ಮನುಷ್ಯನನ್ನಾಗಿ ಮಾಡಿದ್ದು ಈ ಭೂಮಿ ಎಂದು. ಯಂತ್ರದ ಗರ್ಭ ತೆರೆದದ್ದು ಇಲ್ಲಿಗೆ ಬಂದ ಮೇಲಾದ್ದರಿಂದ ಲೆಕ್ಕದ ಪ್ರಕಾರ ಅವನು ಹುಟ್ಟಿದ್ದೂ ಅಮೆರಿಕದಲ್ಲೇ.

ನ್ಯೂಜೆರ್ಸಿಯಲ್ಲಿರುವ ಗೆಳೆಯನಿಗೆ ಈ ಪುಟ ಕಂಡರೆ ಆಗುವುದಿಲ್ಲ. ಇಬ್ಬರೂ ಚಿಕ್ಕಂದಿನಿಂದ ಒಟ್ಟಿಗೆ ಕಾಮಿಕ್ಸ್ ಓದಿದವರು, ಅವನು ಕೆಲಸದ ಮೇಲೆ ಅಲ್ಲಿಗೆ ಹೋಗಿ ನೆಲೆನಿಂತ. ನಿನ್ನೆ ಫೋನಿನಲ್ಲಿ ಅಂದ: “ನನ್ನ ಮಗ ಇಲ್ಲೇ ಹುಟ್ಟಿದೋನು, ಅವನು ಹಂಗಂದ್ರೆ ಒಪ್ತೀನಿ ಕಣೋ. ಆದ್ರೆ ಬೇರೆ ಕಡೆಯಿಂದ ಬಂದೋನ ಬಾಯಲ್ಲಿ ಯಾಕೆ ಹಂಗನ್ನಿಸ್ಬೇಕು?” ಅಮೆರಿಕದ ಓದುಗರಲ್ಲೂ ಇದೇ ಮಾತು ಹೇಳುವವರು ಬಹಳ. ಸೀಗಲ್, ಶಸ್ಟರ್ ಇಬ್ಬರೂ ವಲಸೆ ಬಂದ ಯಹೂದಿ ಕುಟುಂಬಗಳ ಮಕ್ಕಳು, ಶಸ್ಟರ್ ಹುಟ್ಟಿದ್ದೇ ಟೊರಾಂಟೋದಲ್ಲಿ. ಅವರು ಸೃಷ್ಟಿಸಿದ ವಲಸಿಗನನ್ನು ಬರ್ನ್ ಅಮೆರಿಕದಲ್ಲೇ ಹುಟ್ಟಿದವನನ್ನಾಗಿ ಮಾಡಿಬಿಟ್ಟರು ಎಂಬ ಬೇಸರ. ಬರ್ನ್ ಕೂಡ ಇಂಗ್ಲೆಂಡಿನಲ್ಲಿ ಹುಟ್ಟಿ ಕೆನಡಾದಲ್ಲಿ ಬೆಳೆದವರು ಎಂಬುದನ್ನೂ ಇದರ ಪಕ್ಕಕ್ಕೆ ಇಟ್ಟುಕೊಳ್ಳಬೇಕು. ಊರು ಬಿಟ್ಟು ಬಂದವರೆಲ್ಲರ ಉತ್ತರ ಒಂದೇ ಇರುವುದಿಲ್ಲ.

ನನಗೆ ಆ ಮಾತಿನ ಬಗ್ಗೆ ತಕರಾರಿಲ್ಲ. ಕೆಂಟ್ ಮನೆಯಲ್ಲಿ ಬೆಳೆದ ಮಗ ಹಾಗೆ ಹೇಳದೆ ಇನ್ನು ಹೇಗೆ ಹೇಳಿಯಾನು? ತಕರಾರಿರುವುದು ಆ ಮಾತಿಗೆ ಅವನು ಏನೂ ತೆರಬೇಕಾಗಿ ಬರಲಿಲ್ಲ ಎಂಬುದಕ್ಕೆ. ಬರ್ನ್ ಕ್ರಿಪ್ಟಾನನ್ನು ಮೊದಲೇ ಅಷ್ಟು ತಣ್ಣಗೆ ಮಾಡಿಟ್ಟ ಮೇಲೆ ಭೂಮಿಯನ್ನು ಆರಿಸಿಕೊಳ್ಳುವುದು ದೊಡ್ಡ ಮಾತೇ ಅಲ್ಲ, ಯಾರಾದರೂ ಅದನ್ನೇ ಆರಿಸುತ್ತಾರೆ. ಹಿರಿಯರು ಹೇಳಿದ ಜೋರ್-ಎಲ್‌ನ ಪ್ರೀತಿಯ ಮಾತು ನಿಜಕ್ಕೂ ದೊಡ್ಡದು. ಆದರೆ ಅದನ್ನು ಕೇಳಿದ್ದು ಲಾರಾ ಮತ್ತು ಓದುತ್ತಿರುವ ನಾವು. ಮಗನ ಕಿವಿಗೆ ಅದು ಬಿದ್ದೇ ಇಲ್ಲ. ಅಪ್ಪನ ಬಿಂಬದಿಂದ ಅವನಿಗೆ ಸಿಕ್ಕಿದ್ದು ಇತಿಹಾಸ, ವಿಜ್ಞಾನ, ಭಾಷೆ. ನಿನ್ನನ್ನು ಕಳಿಸಿದವರಲ್ಲಿ ಒಬ್ಬ, ಆ ಲೋಕದ ಕಟ್ಟಳೆ ಮುರಿದು ಪ್ರೀತಿಸಿದವನು ಎಂದು ಗೊತ್ತಾಗಿದ್ದರೆ ಕ್ಲಾರ್ಕ್ ಅಷ್ಟು ಸುಲಭವಾಗಿ ಬೆನ್ನು ತಿರುಗಿಸುತ್ತಿದ್ದನೇ? ಗೊತ್ತಾದ ಮೇಲೂ ಭೂಮಿಯನ್ನೇ ಆರಿಸಿದ್ದರೆ ಆ ಪುಟ ನನ್ನ ಗೆಳೆಯನಿಗೂ ತಟ್ಟುತ್ತಿತ್ತು. ಸರಕೆಲ್ಲ ಮೊದಲ ಸಂಚಿಕೆಯಲ್ಲೇ ಇತ್ತು. ಬರ್ನ್ ಆರನೆಯದಕ್ಕೆ ಅದನ್ನು ತರಲಿಲ್ಲ.

2003ರಲ್ಲಿ ಮಾರ್ಕ್ ವೇಯ್ಡ್ ಬರೆದು ಲೈನಿಲ್ ಯೂ ಚಿತ್ರಿಸಿದ ‘ಬರ್ತ್‌ರೈಟ್’ ಸರಿಪಡಿಸಿದ್ದು ಇದನ್ನೇ. ಅಲ್ಲಿ ಕ್ಲಾರ್ಕ್ ತನ್ನ ಮೂಲವನ್ನು ಹಸಿದವನಂತೆ ಹುಡುಕುತ್ತಾನೆ. ಕೊನೆಯಲ್ಲಿ ಕಾಲವನ್ನು ದಾಟಿ, ಸಾಯುವ ಗಳಿಗೆಯಲ್ಲಿರುವ ಜೋರ್-ಎಲ್ ಮತ್ತು ಲಾರಾಗೆ ಮಗ ಬದುಕಿದ್ದಾನೆ ಎಂದು ತಿಳಿಯುತ್ತದೆ. ಆ ಹನ್ನೆರಡು ಸಂಚಿಕೆಗಳನ್ನು ಅಕ್ಕನ ಮಗಳು ಇವತ್ತು ಸಂಜೆ ತೆಗೆದುಕೊಂಡು ಹೋದಳು. ಅವಳಿಗೆ ಅದೇ ಹೆಚ್ಚು ಹಿಡಿಸಬಹುದು. ಹಿಡಿಸಿದರೂ ವಿಮಾನದ ದೃಶ್ಯಕ್ಕೆ, ಆ ಹುಡುಗ ಹೆದರಿ ಮನೆಗೆ ಬಂದ ಪುಟಕ್ಕೆ, ಬರ್ನ್ ಬಳಿಗೇ ವಾಪಸ್ ಬರಬೇಕು ಎಂದು ಅವಳಿಗೆ ಹೇಳಿ ಕಳಿಸಿದ್ದೇನೆ.