ಸುದೇಷ್ಣೆಯ ಸುದ್ದಿ ಯಾಕಿಲ್ಲ?

ಕೀಚಕ ವಧೆ ಅಂದ್ರೆ ಎಲ್ಲರ ಬಾಯಲ್ಲೂ ಭೀಮನೇ. ಕತ್ತಲಲ್ಲಿ ನಾಟ್ಯಶಾಲೆಯಲ್ಲಿ ಕಾದಿದ್ದು, ಕೀಚಕನನ್ನು ಕೈಕಾಲು ಗುರುತು ಸಿಗದ ಹಾಗೆ ಮುದ್ದೆ ಮಾಡಿದ್ದು. ಯಕ್ಷಗಾನದಲ್ಲಿ ಈ ಘಟ್ಟ ಬಂದರೆ ತೂಕಡಿಸುತ್ತಿದ್ದವರೂ ನೆಟ್ಟಗೆ ಕೂರುತ್ತಾರೆ. ನಾನೂ ಅವರಲ್ಲೊಬ್ಬಳು.

ಈಚೆಗೆ ಮಾತ್ರ ನನ್ನ ಕಣ್ಣು ವಿರಾಟರಾಜನ ರಾಣಿ, ಕೀಚಕನ ಒಡಹುಟ್ಟಿದವಳಾದ ಸುದೇಷ್ಣೆಯ ಮೇಲೆ ಹೋಗುತ್ತದೆ. ಒಡಹುಟ್ಟಿದವನ ಮನಸ್ಸಲ್ಲಿ ಏನಿದೆ ಅಂತ ರಾಣಿಗೆ ಚೆನ್ನಾಗಿ ಗೊತ್ತು. ಆದರೂ ಸೈರಂಧ್ರಿ ಅನ್ನುವ ಹೆಸರಲ್ಲಿ ದಾಸಿಯಾಗಿದ್ದ ದ್ರೌಪದಿಯ ಕೈಗೆ ಪಾತ್ರೆ ಕೊಟ್ಟು, ಅವನ ಮನೆಯಿಂದ ಮದ್ಯ ತಾ ಅಂತ ಕಳಿಸುತ್ತಾಳೆ. ಬೇಡ ಅಂದರೂ ಕೇಳುವುದಿಲ್ಲ. ಕೊನೆಗೆ ಕೀಚಕನೂ ಅವನ ಕಡೆಯವರೂ ಸತ್ತ ಮೇಲೆ, ಊರು ಬಿಡು ಅನ್ನುವ ರಾಜನ ಮಾತನ್ನು ತಿಳಿಸುವವಳೂ ಇವಳೇ. ಇನ್ನು 13 ದಿನ ಇರಲು ಬಿಡಿ ಅಂತ ದ್ರೌಪದಿಯೇ ಕೇಳಿಕೊಳ್ಳಬೇಕು. ಸೇಡು ತೀರಿತಂತೆ!

ಇಟಲಿಯ ಚಿತ್ರಕಾರ್ತಿ ಆರ್ಟೆಮಿಸಿಯಾ ಜೆಂಟಿಲೆಸ್ಕಿಯ ಕತೆಯಲ್ಲೂ ಇಂಥವಳೊಬ್ಬಳಿದ್ದಾಳೆ. 1611ರಲ್ಲಿ ರೋಮ್‌ನಲ್ಲಿ ಅಪ್ಪನ ಜೊತೆ ಕೆಲಸ ಮಾಡುತ್ತಿದ್ದ ಅಗೊಸ್ಟಿನೊ ತಾಸ್ಸಿ ಅವಳ ಮೇಲೆ ಅತ್ಯಾಚಾರ ಮಾಡಿದ. ಆಗ ಅವಳಿಗೆ 17. ಅದೇ ಮನೆಯಲ್ಲಿದ್ದ ತೂತ್ಸಿಯಾ ಅನ್ನುವ ಹೆಂಗಸನ್ನು ಕೂಗಿದರೂ ಬರಲಿಲ್ಲ ಅಂತ ಅವಳು ಕೋರ್ಟಿನಲ್ಲಿ ಹೇಳಿದಳು. ಹೇಳಿದ್ದು ನಿಜವೋ ಅಂತ ನೋಡಲು ಅವಳ ಬೆರಳುಗಳಿಗೇ ಹುರಿ ಸುತ್ತಿ ಬಿಗಿದರು. ಚಿತ್ರ ಬರೆಯುವವಳ ಬೆರಳು! ಆಗಲೂ ಅವಳು ತಾಸ್ಸಿ ಕಡೆ ತಿರುಗಿ, ನೀನು ಕೊಡುವ ಉಂಗುರ ಇದೇನಾ ಅಂತ ಚುಚ್ಚಿದಳು. ಮದುವೆಯಾಗುತ್ತೇನೆ ಅಂತ ನಂಬಿಸಿದ್ದನಲ್ಲ.

ಬೈಬಲ್ ಕತೆಯ ಜೂಡಿತ್ ಅನ್ನುವ ಹೆಂಗಸು ಶತ್ರು ಸೇನಾಪತಿ ಹೊಲೊಫರ್ನಿಸ್‌ನ ಕತ್ತು ಕೊಯ್ಯುವುದನ್ನು ಅವಳು ಎರಡು ಸಲ ಬರೆದಳು. ಒಂದು ನೇಪಲ್ಸ್‌ನಲ್ಲಿದೆ, ಇನ್ನೊಂದು ಫ್ಲಾರೆನ್ಸ್‌ನಲ್ಲಿ. ಹೊಲೊಫರ್ನಿಸ್ ಅಂದ್ರೆ ತಾಸ್ಸಿಯೇ ಅಂತ ಜಾಸ್ತಿ ಜನ ಹೇಳುತ್ತಾರೆ. ಇರಬಹುದು. ನಾನು ನೋಡುವುದು ಜೂಡಿತ್‌ಳ ದಾಸಿಯನ್ನು. ಅದೇ ಕತೆಯ ಕಾರವಾಜ್ಜೊ ಚಿತ್ರದಲ್ಲಿ ಅವಳು ತಲೆ ತುಂಬಿಕೊಳ್ಳಲು ಬಟ್ಟೆ ಹಿಡಿದು ಪಕ್ಕಕ್ಕೆ ನಿಂತ ಮುದುಕಿ. ಆರ್ಟೆಮಿಸಿಯಾಳ ಚಿತ್ರದಲ್ಲಿ ಪ್ರಾಯದವಳು. ಮೇಲಿಂದ ಇಡೀ ಭಾರ ಹಾಕಿ ಅವನನ್ನು ಅದುಮಿದ್ದಾಳೆ. ತೂತ್ಸಿಯಾ ಬರಲಿಲ್ಲ, ಇವಳು ಬಂದಳು ಅಂತ ನನಗೆ ಅನಿಸುತ್ತದೆ.

ಹಾಗಂತ ಜೊತೆಗೊಬ್ಬ ಹೆಣ್ಣಿದ್ದರೆ ಎಲ್ಲ ಸರಿಹೋಗುತ್ತದೆ ಅಂತಲ್ಲ. ಗ್ರೀಕರ ಫಿಲೊಮೆಲಾ ಕತೆಯಲ್ಲಿ ಭಾವನೇ ಅತ್ಯಾಚಾರ ಮಾಡಿ ನಾಲಿಗೆ ಕತ್ತರಿಸುತ್ತಾನೆ. ಅವಳು ನಡೆದದ್ದನ್ನೆಲ್ಲ ಬಟ್ಟೆಯಲ್ಲಿ ನೇಯ್ದು ಅಕ್ಕನಿಗೆ ಕಳಿಸುತ್ತಾಳೆ. ಅಕ್ಕ ಪ್ರೊಕ್ನೆ ತಂಗಿಯ ಪರ ನಿಲ್ಲುತ್ತಾಳೆ. ಆದರೆ ಗಂಡನ ಮೇಲಿನ ಸಿಟ್ಟಿಗೆ ಅವಳು ಕೊಂದಿದ್ದು ತನ್ನದೇ ಮಗ ಇಟಿಸ್‌ನನ್ನು. ಆ ಮಗು ಏನು ಮಾಡಿತ್ತು?