ಆಕ್ಟೇವಿಯಾ ಆರ್‌ಎಸ್ ಸಸ್ಪೆನ್ಷನ್: ಕಾಯಿಲೋವರ್ ಹಾಕಿಸೋದಾ, ಬೇಡ್ವಾ?

ಕಾರು 2018ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ 230. ಎರಡು ಲೀಟರ್ ಟರ್ಬೊ ಪೆಟ್ರೋಲ್, 230 ಪಿಎಸ್, 350 ನ್ಯೂಟನ್ ಮೀಟರ್, ಆರು ಗೇರಿನ ಡಿಎಸ್‌ಜಿ ಆಟೊಮ್ಯಾಟಿಕ್. ಎಂಜಿನ್ ಎಳೆಯುವುದು ಮುಂದಿನ ಚಕ್ರಗಳನ್ನು. ಕೆಲಸದ ದಿನ ಬಳ್ಳಾರಿಯಿಂದ ತೋರಣಗಲ್ಲಿಗೆ ಹೋಗಿ ಬರುತ್ತದೆ. ಭಾನುವಾರ ಅಪ್ಪ, ಅವ್ವನ ಜೊತೆ ಹೊಸಪೇಟೆ ಇಲ್ಲಾ ಸಂಡೂರು. ವರ್ಷಕ್ಕೆ ಒಂದೆರಡು ಸಲ ಚೆನ್ನೈ ಹತ್ತಿರದ ಇರುಂಗಾಟುಕೋಟೈ ರೇಸ್ ಟ್ರ್ಯಾಕು. ಹತ್ತಿರ ಹತ್ತಿರ 500 ಕಿ.ಮೀ. ಇದನ್ನೇ ಓಡಿಸಿಕೊಂಡು ಹೋಗಬೇಕು, ಇದರಲ್ಲೇ ವಾಪಸ್ ಬರಬೇಕು.

ಹೋದ ಸಲ ಅಲ್ಲಿಂದ ಬಂದಾಗಿನಿಂದ ತಲೆಯಲ್ಲಿ ಒಂದೇ ವಿಷಯ. ಟ್ರ್ಯಾಕಿಗೆ ಅಂತಾನೇ ಮಾಡಿದ ಕಾಯಿಲೋವರ್ (ಎತ್ತರ ಹೊಂದಿಸಬಹುದಾದ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಸೆಟ್) ಹಾಕಿಸಬೇಕಾ, ಇಲ್ಲಾ ಒಳ್ಳೆ ಶಾಕ್ ಅಬ್ಸಾರ್ಬರ್ ಅಷ್ಟೇ ಸಾಕಾ? ಇಲ್ಲಿಯವರೆಗೆ ನೋಡಿದ್ದು, ಅಳೆದದ್ದು, ಬಿಚ್ಚಿ ಕಟ್ಟಿದ್ದು ಇಲ್ಲಿ ಬರೆದಿಡುತ್ತಿದ್ದೇನೆ.

ಟ್ರ್ಯಾಕಿನಲ್ಲಿ ಏನು ಸಾಲುತ್ತಿಲ್ಲ

ವೇಗದ ತಿರುವಿಗೆ ಸ್ಟೀರಿಂಗ್ ತಿರುಗಿಸಿದರೆ ಕಾರು ಮೊದಲು ವಾಲುತ್ತದೆ, ಆಮೇಲೆ ತಿರುಗುತ್ತದೆ. ತಿರುವಿನ ನಡುವೆ ಆಕ್ಸಿಲರೇಟರ್ ಒತ್ತಿದರೆ ಮೂತಿ ಹೊರಕ್ಕೆ ಎಳೆಯುತ್ತದೆ. ಮುಂದಿನ ಟೈರುಗಳ ಹೊರ ಅಂಚು ಭುಜದವರೆಗೂ ಸವೆದಿತ್ತು, ಒಳಗಿನ ಅರ್ಧ ಮಾತ್ರ ಚೆನ್ನಾಗಿಯೇ ಇತ್ತು. ಅಂದರೆ ಈ ಕಾರು ಮೊದಲು ಕೇಳುತ್ತಿರುವುದು ನೆಗೆಟಿವ್ ಕ್ಯಾಂಬರ್. ಚಕ್ರದ ತಲೆ ಇನ್ನೂ ಸ್ವಲ್ಪ ಒಳಕ್ಕೆ ವಾಲಿರಬೇಕು.

ಸ್ಪ್ರಿಂಗ್ ಗಟ್ಟಿಯಾದಷ್ಟೂ ಹಿಡಿತ ಜಾಸ್ತಿ ಅಂತ ತುಂಬಾ ಜನ ನಂಬಿದ್ದಾರೆ. ಹಾಗೇನಿಲ್ಲ. ತಿರುವಿನಲ್ಲಿ ಒಳ ಚಕ್ರಗಳಿಂದ ಹೊರ ಚಕ್ರಗಳಿಗೆ ಒಟ್ಟು ಎಷ್ಟು ಭಾರ ಸರಿಯುತ್ತದೆ ಅನ್ನೋದನ್ನ ಹೇಳುವುದು ಕಾರಿನ ತೂಕ, ಗುರುತ್ವ ಕೇಂದ್ರದ ಎತ್ತರ, ಎಡ ಬಲ ಚಕ್ರಗಳ ನಡುವಿನ ಅಗಲ, ಮತ್ತೆ ನೀವು ತಿರುಗುವ ಜೋರು. ಸ್ಪ್ರಿಂಗ್, ಆಂಟಿ ರೋಲ್ ಬಾರ್ (ಎಡ ಬಲ ಚಕ್ರಗಳನ್ನು ಜೋಡಿಸಿ ಕಾರು ವಾಲುವುದನ್ನು ತಡೆಯುವ ಸರಳು) ಬದಲಿಸಿದರೆ ಆ ಭಾರದಲ್ಲಿ ಮುಂದಿನ ಪಾಲೆಷ್ಟು, ಹಿಂದಿನ ಪಾಲೆಷ್ಟು ಅನ್ನೋದು ಮುಖ್ಯವಾಗಿ ಬದಲಾಗುತ್ತದೆ. ಮುಂದಿನ ಚಕ್ರ ಎಳೆಯುವ ಕಾರಿಗೆ ಹಿಂದಿನ ಬಾರ್ ದಪ್ಪ ಮಾಡಿದರೆ ಮೂತಿ ಜಾರೋದು ಕಡಿಮೆಯಾಗುವುದು ಇದೇ ಕಾರಣಕ್ಕೆ. ಸರಳಿನ ಗಡಸು ಅದರ ವ್ಯಾಸದ ನಾಲ್ಕನೇ ಘಾತಕ್ಕೆ ಏರುತ್ತದೆ. 20 ಮಿ.ಮೀ. ಸರಳಿನ ಜಾಗದಲ್ಲಿ 22 ಹಾಕಿದರೆ ಸುಮಾರು ಶೇ. 46 ಜಾಸ್ತಿ. ಎರಡೇ ಮಿಲಿಮೀಟರಿಗೆ ಇಷ್ಟು ಸಿಗುತ್ತೆ ಅಂದರೆ ಸಣ್ಣ ಮಾತಲ್ಲ.

ಕಾಯಿಲೋವರ್ ಲೆಕ್ಕ

ಪಟ್ಟಿಯಲ್ಲಿ ಇದ್ದದ್ದು ಕೆಡಬ್ಲ್ಯೂ ವಿ3, ಬಿಲ್‌ಸ್ಟೈನ್ ಬಿ16, ಓಲಿನ್ಸ್ ರೋಡ್ ಅಂಡ್ ಟ್ರ್ಯಾಕ್. ಮೂರೂ ಒಳ್ಳೆ ಸಾಮಾನು, ಅದರಲ್ಲಿ ಎರಡು ಮಾತಿಲ್ಲ. ವಿ3ಯಲ್ಲಿ ಶಾಕ್ ಅಬ್ಸಾರ್ಬರ್ ಅದುಮುವಾಗಿನ ಬಿಗಿ, ಹಿಗ್ಗುವಾಗಿನ ಬಿಗಿ ಎರಡನ್ನೂ ಬೇರೆ ಬೇರೆ ತಿರುಗಿಸಬಹುದು.

ನನ್ನನ್ನು ತಡೆದದ್ದು ಸ್ಪ್ರಿಂಗ್ ಲೆಕ್ಕ. ರಸ್ತೆ ಕಾರಿನ ಬಾಡಿ ತನ್ನ ಸ್ಪ್ರಿಂಗ್ ಮೇಲೆ ಸೆಕೆಂಡಿಗೆ ಸುಮಾರು 1.2ರಿಂದ 1.5 ಸಲ ತೂಗುತ್ತದೆ. ಟ್ರ್ಯಾಕ್ ಕಡೆ ವಾಲಿದ ಸೆಟಪ್ ಅಂದರೆ 2 ಹರ್ಟ್ಸ್, ಅಂದರೆ ಸೆಕೆಂಡಿಗೆ 2 ಸಲ, ಅದಕ್ಕೂ ಮೇಲೆ. 1.4ರಿಂದ 2ಕ್ಕೆ ಹೋಗಲು ಚಕ್ರದ ಬಳಿ ಸ್ಪ್ರಿಂಗಿನ ಗಡಸು ಎರಡು ಪಟ್ಟು ಆಗಬೇಕು. ನುಣುಪಾದ ಟ್ರ್ಯಾಕಿನಲ್ಲಿ ಅದು ಸುಖ. ಆದರೆ ಅದಿರು ಲಾರಿ, ಸ್ಟೀಲ್ ಲಾರಿ ಹಗಲು ರಾತ್ರಿ ಓಡುವ ರಸ್ತೆಯಲ್ಲಿ ಡಾಂಬರು ಚಕ್ರದ ಹಾದಿಗುಂಟ ಕುಗ್ಗಿರುತ್ತದೆ, ತೇಪೆ ಮೇಲೆ ತೇಪೆ ಇರುತ್ತದೆ. ಅಲ್ಲಿ ಗಟ್ಟಿ ಸ್ಪ್ರಿಂಗಿನ ಕಾರು ಪುಟಿಯುತ್ತದೆ, ಟೈರು ರಸ್ತೆ ಬಿಡುತ್ತದೆ. ಟೈರು ರಸ್ತೆ ಬಿಟ್ಟರೆ ಬ್ರೇಕೂ ಇಲ್ಲ, ಸ್ಟೀರಿಂಗೂ ಇಲ್ಲ. ಇದು ಬರೀ ಬೆನ್ನು ನೋವಿನ ವಿಷಯ ಅಲ್ಲ.

ಕೇಬಲ್ ಟೈ ಕಟ್ಟಿ ನೋಡಿದ್ದು

ಸಸ್ಪೆನ್ಷನ್ ಬದಲಿಸೋ ಯೋಚನೆ ಇರುವ ಪ್ರತಿಯೊಬ್ಬರೂ ಇದನ್ನು ಮಾಡಲೇಬೇಕು ಅಂತ ನನ್ನ ಕಳಕಳಿ. ಶಾಕ್ ಅಬ್ಸಾರ್ಬರಿನ ಡಸ್ಟ್ ಕವರ್ ಮೇಲಕ್ಕೆ ಸರಿಸಿ, ಹೊಳೆಯುವ ರಾಡಿಗೆ ಒಂದು ಕೇಬಲ್ ಟೈ ಕಟ್ಟಿ, ಸಿಲಿಂಡರಿನ ತುಟಿಗೆ ತಾಗುವ ಹಾಗೆ ಕೆಳಗೆ ತಳ್ಳಿ ಬಿಡಿ. ಆಮೇಲೆ ದಿನಾ ಓಡಿಸೋ ಹಾಗೇ ಓಡಿಸಿ. ರಾಡು ಒಳಗೆ ಇಳಿದಷ್ಟೂ ಟೈ ಮೇಲೆ ಹೋಗಿ ಅಲ್ಲೇ ನಿಲ್ಲುತ್ತದೆ. ಬಂಪ್ ಸ್ಟಾಪಿಗೆ, ಅಂದರೆ ಕೊನೆಯಲ್ಲಿ ತಡೆಯುವ ಆ ಮೆತ್ತನೆ ಗುಬುಟಿಗೆ, ಇನ್ನೆಷ್ಟು ಜಾಗ ಉಳಿದಿತ್ತು ಅನ್ನೋದು ಕಣ್ಣಿಗೆ ಕಾಣುತ್ತದೆ.

ನಾನೊಬ್ಬನೇ ಕುಡತಿನಿ ದಾಟಿ ತೋರಣಗಲ್ಲಿಗೆ ಹೋಗಿ ಬಂದಾಗ ಮುಂದೆ ಸುಮಾರು 25 ಮಿ.ಮೀ. ಉಳಿದಿತ್ತು. ಮನೆಯವರೆಲ್ಲ ಕೂತು, ಡಿಕ್ಕಿ ತುಂಬಿಕೊಂಡು ಸಂಡೂರಿಗೆ ಹೋದಾಗ ಹಿಂದಿನ ಟೈ ನೇರ ಬಂಪ್ ಸ್ಟಾಪಿಗೇ ಒತ್ತಿಕೊಂಡಿತ್ತು. ಈಗಿರುವ ಎತ್ತರದಲ್ಲೇ ಹೀಗೆ. ಇನ್ನು 30 ಮಿ.ಮೀ. ಇಳಿಸಿದರೆ ಕಾರು ಓಡುವುದು ಸ್ಪ್ರಿಂಗ್ ಮೇಲಲ್ಲ, ಬಂಪ್ ಸ್ಟಾಪ್ ಮೇಲೆ. ತಿರುವಿನ ನಡುವೆ ಬಂಪ್ ಸ್ಟಾಪ್ ತಾಗಿದರೆ ಆ ಚಕ್ರದ ಗಡಸು ಒಮ್ಮೆಲೇ ಏರಿ ಹಿಡಿತ ತಪ್ಪುತ್ತದೆ. ಅದೂ ಅಲ್ಲದೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಶಾಕ್ ಅಬ್ಸಾರ್ಬರೇ ಚಕ್ರವನ್ನು ಮೇಲಿನಿಂದ ಹಿಡಿದಿರುವ ಜೋಡಣೆ) ಇರುವ ಕಾರನ್ನು ಜಾಸ್ತಿ ಇಳಿಸಿದರೆ ಚಕ್ರವನ್ನು ಕೆಳಗಿನಿಂದ ಹಿಡಿದಿರುವ ಆರ್ಮ್ ಮೇಲ್ಮುಖವಾಗಿ, ರೋಲ್ ಸೆಂಟರ್, ಅಂದರೆ ಬಾಡಿ ಯಾವುದರ ಸುತ್ತ ವಾಲುತ್ತದೋ ಆ ಬಿಂದು, ಗುರುತ್ವ ಕೇಂದ್ರಕ್ಕಿಂತ ಜಾಸ್ತಿ ಕೆಳಗೆ ಜಾರುತ್ತದೆ. ಇಳಿಸಿದ ಕಾರು ಇಳಿಸದೇ ಇದ್ದದ್ದಕ್ಕಿಂತ ಜಾಸ್ತಿ ವಾಲೋಕೆ ನೋಡುತ್ತೆ. ಅದನ್ನು ತಡೆಯೋಕೆ ಮತ್ತೆ ಇನ್ನೂ ಗಟ್ಟಿ ಸ್ಪ್ರಿಂಗ್!

ಕೆಂಪು ಧೂಳು

ಟ್ರ್ಯಾಕ್ ಕಾಯಿಲೋವರ್ ಜೊತೆ ಬರುವ, ಸ್ಟ್ರಟ್ಟಿನ ತಲೆಯನ್ನು ಸರಿಸಿ ಕ್ಯಾಂಬರ್ ಹೊಂದಿಸುವ ಕ್ಯಾಂಬರ್ ಪ್ಲೇಟುಗಳಲ್ಲಿ ಸಾಮಾನ್ಯವಾಗಿ ರಬ್ಬರ್ ಇರಲ್ಲ, ಗೋಲಿಯಂಥ ಲೋಹದ ಬೇರಿಂಗ್ ಇರುತ್ತದೆ. ಮುಚ್ಚಳ ಇಲ್ಲದೆ ತೆರೆದಿರುತ್ತದೆ. ನಮ್ಮ ಕಡೆಯ ಧೂಳು ಬರೀ ಮಣ್ಣಲ್ಲ, ಕಬ್ಬಿಣದ ಅದಿರಿನ ಪುಡಿ ಸೇರಿದ್ದು. ಜಾಯಿಂಟಿನೊಳಗೆ ಸೇರಿದರೆ ಮರಳು ಕಾಗದ ಉಜ್ಜಿದ ಹಾಗೆ ತಿನ್ನುತ್ತದೆ. ಎತ್ತರ ಹೊಂದಿಸುವ ಥ್ರೆಡ್ಡಿನ ಮೇಲೂ ಅದೇ ಧೂಳು, ಮಳೆಗಾಲದಲ್ಲಿ ಅದೇ ಕೆಸರು. ಆರ್ಮಿನ ಕೀಲುಗಳಲ್ಲಿ ಕೂರುವ ಮೆತ್ತನೆ ಬುಷ್‌ಗಳನ್ನು ಗಟ್ಟಿ ಪ್ಲಾಸ್ಟಿಕ್‌ನಂಥ ಪಾಲಿಯುರೆಥೇನಿಗೆ ಬದಲಿಸೋದು ಬೇಡ ಅಂದುಕೊಂಡದ್ದೂ ಇದಕ್ಕೇ. ದಿನಾ ಓಡುವ ಕಾರಿಗೆ ರಬ್ಬರೇ ಸರಿ.

ಗ್ಯಾರೇಜಿನಲ್ಲಿ ಆದದ್ದು

ಹೊಸದು ಹಾಕೋ ಮುಂಚೆ ಹಳೇದು ಸರಿ ಇದೆಯಾ ನೋಡೋಣ ಅಂತ ಕಾರು ಎತ್ತಿಸಿದೆ. ಗ್ಯಾರೇಜಿನ ಭಾಯ್ ಬಾನೆಟ್ ತೆಗೆದು, ಮುಂದಿನ ಟಾಪ್ ಮೌಂಟ್ (ಸ್ಟ್ರಟ್ಟಿನ ತಲೆ ಬಾಡಿಗೆ ಕೂರುವ ರಬ್ಬರ್ ಜೋಡಣೆ) ಮೇಲೆ ಕೈಯಿಟ್ಟು, ಹುಡುಗನಿಗೆ ಸ್ಟೀರಿಂಗ್ ಅಲ್ಲಾಡಿಸೋಕೆ ಹೇಳಿದರು. "ಸರ್, ಶಾಕಪ್ ಆಮೇಲೆ ನೋಡೋಣ. ಮೊದ್ಲು ಈ ಮೌಂಟ್ ಹೋಗ್ಯಾವ ನೋಡ್ರಿ," ಅಂದರು. ಕೆಳಗಿನ ಆರ್ಮಿನ ಹಿಂದಿನ ಬುಷ್‌ಗಳೂ ಸೀಳು ಬಿಟ್ಟಿದ್ದವು. ಎರಡೂ ಬದಲಾಯಿತು. ಬುಷ್ ಬೋಲ್ಟುಗಳನ್ನು ಕಾರು ಜೋತಾಡುತ್ತಿರುವಾಗ ಬಿಗಿಯಬಾರದು. ಜ್ಯಾಕಿನಿಂದ ಆರ್ಮ್ ಎತ್ತಿ, ಕಾರು ನೆಲದ ಮೇಲೆ ನಿಂತ ಮಟ್ಟಕ್ಕೆ ತಂದು ಬಿಗಿಯಬೇಕು. ಇಲ್ಲದಿದ್ದರೆ ರಬ್ಬರ್ ಯಾವಾಗಲೂ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಭಾಯ್ ಹೇಳದೆಯೇ ಹಾಗೇ ಮಾಡಿದ್ದು ನೋಡಿ ತುಂಬಾ ಖುಷಿಯಾಯಿತು.

ಇಷ್ಟಕ್ಕೇ ಸ್ಟೀರಿಂಗಿನ ಮಬ್ಬು ಅರ್ಧ ಹೋಯಿತು.

ಈಗ ಎಲ್ಲಿಗೆ ಬಂದಿದ್ದೇನೆ

ಕಾಯಿಲೋವರ್ ಬೇಡ. ಬಿಲ್‌ಸ್ಟೈನ್ ಬಿ6, ಕಂಪನಿ ಸ್ಪ್ರಿಂಗ್, ಈಗಿನದೇ ಎತ್ತರ. ಬಿ6 ಮೋನೊಟ್ಯೂಬ್, ಅಂದರೆ ಒಂದೇ ಕೊಳವೆಯ ಶಾಕ್ ಅಬ್ಸಾರ್ಬರ್. ಒಳಗೆ ಗ್ಯಾಸ್ ಒತ್ತಡ ಜಾಸ್ತಿ ಇರುವುದರಿಂದ ಎಣ್ಣೆ ನೊರೆಯಾಗುವುದು ಕಡಿಮೆ, ಹೊರಗಿನ ಕೊಳವೆಗೆ ಗಾಳಿ ನೇರ ತಾಗುವುದರಿಂದ ಬಿಸಿಯೂ ಬೇಗ ಇಳಿಯುತ್ತದೆ. ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟುವ ಊರಿಗೆ ಇದು ಸಣ್ಣ ವಿಷಯ ಅಲ್ಲ ಅಲ್ವಾ? ಆರ್ಡರ್ ಮಾಡುವ ಮುಂಚೆ ಮುಂದಿನ ಸ್ಟ್ರಟ್ಟಿನ ವ್ಯಾಸ ಅಳೆಯಲೇಬೇಕು. ಈ ಬಳಗದ ಕಾರುಗಳಲ್ಲಿ 50 ಮಿ.ಮೀ. ಕೂಡ ಇದೆ, 55 ಕೂಡ ಇದೆ. ನನ್ನದು 55.

ಕ್ಯಾಂಬರ್‌ಗೆ ದಾರಿ ಸ್ವಲ್ಪ ಬೇರೆ. ಇದರ ಸ್ಟ್ರಟ್ಟು ಹಬ್ಬಿನ ಸೀಳಿನೊಳಗೆ ಇಳಿದು ಒಂದೇ ಬೋಲ್ಟಿನಲ್ಲಿ ಬಿಗಿಯಾಗುತ್ತದೆ, ಹಾಗಾಗಿ ತಿರುಗಿಸಿ ಕ್ಯಾಂಬರ್ ಹೊಂದಿಸುವ ಬೋಲ್ಟಿಗೆ ಜಾಗವೇ ಇಲ್ಲ. ಕೆಳಗಿನ ಬಾಲ್ ಜಾಯಿಂಟನ್ನು ಹೊರಕ್ಕೆ ಸರಿಸಿ ಕೂರಿಸುವ ಕಿಟ್ ನೋಡುತ್ತಿದ್ದೇನೆ. ಅದಕ್ಕೆ ರಬ್ಬರ್ ಮುಸುಕು ಇರುತ್ತದೆ, ಧೂಳು ಹೋಗಲ್ಲ. ಮುಂದೆ ಮೈನಸ್ 1.5 ಡಿಗ್ರಿ ಸಿಕ್ಕರೆ ನನಗೆ ಸಾಕು, ಟೋ (ಮೇಲಿನಿಂದ ನೋಡಿದಾಗ ಚಕ್ರಗಳ ಮೂತಿ ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ) ಸೊನ್ನೆ. ದಿನಾ ಓಡುವ ಟೈರನ್ನು ಬೇಗ ತಿನ್ನುವುದು ಕ್ಯಾಂಬರಿಗಿಂತ ತಪ್ಪು ಟೋ. ಹಿಂದೆ ಮಲ್ಟಿಲಿಂಕ್, ಅಂದರೆ ಪ್ರತಿ ಚಕ್ರವನ್ನು ಹಲವು ಆರ್ಮುಗಳು ಹಿಡಿದಿರುತ್ತವೆ, ಅಲ್ಲಿ ಬೋಲ್ಟ್ ತಿರುಗಿಸಿಯೇ ಹೊಂದಿಸಬಹುದು.

ಉಳಿದ ದುಡ್ಡು ಹಿಂದಿನ ಬಾರ್, ಬ್ರೇಕ್ ಪ್ಯಾಡ್, ಹೊಸ ಬ್ರೇಕ್ ಆಯಿಲ್‌ಗೆ. ಡಾಟ್ 4 ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಲ್ಲ. ನೀರಿನಂಶ ಹೀರಿಕೊಂಡ ಮೇಲೆ ಆ ಮಟ್ಟ 155ರವರೆಗೂ ಇಳಿಯಬಹುದು. ಸಸ್ಪೆನ್ಷನ್ ಎಷ್ಟೇ ಚೆನ್ನಾಗಿದ್ದರೂ ಆಯಿಲ್ ಕುದ್ದು ಬ್ರೇಕ್ ಪೆಡಲ್ ನೆಲಕ್ಕೆ ಹೋದರೆ ಏನು ಬಂತು. ಇನ್ನೊಂದು ವಿಷಯ: ರೇಸು, ವೇಗ ಪರೀಕ್ಷೆಗೆ ಬಳಸಿದಾಗ ಆದ ಹಾನಿ ನಮ್ಮ ಸಾಮಾನ್ಯ ಕಾರು ವಿಮೆಯಲ್ಲಿ ಬರಲ್ಲ. ಟ್ರ್ಯಾಕಿಗೆ ಹೊಸದಾಗಿ ಹೋಗುವವರು ಪಾಲಿಸಿ ಓದಿಕೊಂಡೇ ಹೋಗಿ.

ಬಿ6 ಆರ್ಡರ್ ಆಗಿದೆ. ಬಂದ ಮೇಲೆ ಮೊದಲು ಅದನ್ನಷ್ಟೇ ಹಾಕಿಸುತ್ತೇನೆ, ಬಾರ್ ಆಮೇಲೆ. ಎರಡನ್ನೂ ಒಟ್ಟಿಗೆ ಹಾಕಿದರೆ ಯಾವುದರಿಂದ ಏನು ಬದಲಾಯಿತು ಅಂತ ಗೊತ್ತಾಗಲ್ಲ. ಹಿಂದಿನ ಶಾಕ್ ಅಬ್ಸಾರ್ಬರಿಗೆ ಮತ್ತೆ ಕೇಬಲ್ ಟೈ ಕಟ್ಟಿ, ಅದೇ ಭಾರ ತುಂಬಿಕೊಂಡು ಅದೇ ಸಂಡೂರು ರಸ್ತೆಗೆ ಹೋಗಿ, ಬಂದ ಅಳತೆಯನ್ನು ಹಳೇದರ ಪಕ್ಕದಲ್ಲೇ ಬರೆಯುತ್ತೇನೆ.