ಏಪ್ರಿಲ್ ಬಿಸಿಲಲ್ಲಿ ಧಾರವಾಡ–ಹುಬ್ಬಳ್ಳಿ ಸೈಕಲ್ ಮೇಲೆ ದಿನಾ ಓಡಾಡಬಹುದಾ?

ಶಿವರಾತ್ರಿ ಮುಗಿಯುತ್ತಿದ್ದಂತೆ ಈ ಪ್ರಶ್ನೆ ಶುರು. "ಇಪ್ಪತ್ತು ಕಿಲೋಮೀಟರ್ ಏನ್ ದೊಡ್ಡದಲ್ರಿ, ಆದ್ರ ಬಿಸಿಲಾಗ ಆಗ್ತದೇನು?" ಉತ್ತರ ಹೇಳುವ ಮುಂಚೆ ನಾನು ಕೇಳುವುದು ಒಂದೇ: ಮನೆ ಯಾವ ಊರಲ್ಲಿ, ಆಫೀಸು ಯಾವ ಊರಲ್ಲಿ?

ಧಾರವಾಡದಿಂದ ಹುಬ್ಬಳ್ಳಿ ಇರುವುದು ಆಗ್ನೇಯಕ್ಕೆ, ಧಾರವಾಡಕ್ಕಿಂತ ತಗ್ಗಿನಲ್ಲಿ. ಏಪ್ರಿಲ್–ಮೇ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ಗಾಳಿ ಹೆಚ್ಚಾಗಿ ಪಡುವಣದಿಂದ ಬೀಸುತ್ತದೆ. ಮನೆ ಧಾರವಾಡದಲ್ಲಿದ್ದರೆ ಬೆಳಗ್ಗೆ ತಂಪಿನಲ್ಲಿ ಇಳಿಜಾರು, ಸಂಜೆ ಕಾದ ಡಾಂಬರಿನ ಮೇಲೆ ಏರು, ಮೇಲಿಂದ ಎದುರುಗಾಳಿ. ಬಿಸಿಲೂ ಎರಡು ಹೊತ್ತು ಕಣ್ಣಿಗೇ ಹೊಡೆಯುತ್ತದೆ. ಮನೆ ಹುಬ್ಬಳ್ಳಿಯಲ್ಲಿದ್ದರೆ ಎಲ್ಲ ತಿರುವುಮುರುವು: ಏರು ಬೆಳಗ್ಗೆಯೇ ಮುಗಿಯುತ್ತದೆ, ಸಂಜೆ ಗಾಳಿ ಬೆನ್ನ ಹಿಂದೆ, ಸೂರ್ಯನೂ ಬೆನ್ನ ಹಿಂದೆ. ದಾರಿ ಒಂದೇ ಆದರೂ ಶ್ರಮ ಒಂದೇ ಅಲ್ಲ. ಹುಬ್ಬಳ್ಳಿಯವರಿಗೆ ನಾನು ಬಹುಮಟ್ಟಿಗೆ ಹೂಂ ಎನ್ನುತ್ತೇನೆ. ಧಾರವಾಡದವರಿಗೆ ಹೇಳುವುದು, ಮೊದಲು ಸಂಜೆಯ ದಾರಿಯನ್ನು ಪರೀಕ್ಷಿಸಿ.

ಬಹಳ ಜನ ತಪ್ಪುವುದು ಇಲ್ಲೇ. ಭಾನುವಾರ ಬೆಳಗ್ಗೆ ಆರಕ್ಕೆ ಹೊರಟು, ಬರಿಗೈಲಿ ಉಣಕಲ್ ಕೆರೆ ತನಕ ಹೋಗಿ ಬಂದು "ಆರಾಮ ಆತು" ಎಂದುಕೊಳ್ಳುತ್ತಾರೆ. ಅದರಿಂದ ಬೇಸಿಗೆಯ ಬಗ್ಗೆ ಏನೂ ತಿಳಿಯುವುದಿಲ್ಲ. ಕೆಲಸದ ದಿನವನ್ನೇ ಎರಡು ಪಾಲು ಮಾಡಿ. ಸೋಮವಾರ ಸೈಕಲ್ ಮೇಲೆ ಹೋಗಿ, ಅದನ್ನು ಆಫೀಸಿನಲ್ಲೇ ಬೀಗ ಹಾಕಿ ಬಿಟ್ಟು, ಚಿಗರಿ ಬಸ್ಸಿಗೆ (ಎರಡೂ ಊರಿನ ನಡುವೆ ತನ್ನದೇ ಪಥದಲ್ಲಿ ಓಡುವ ಬಸ್ಸು) ವಾಪಸ್ ಬನ್ನಿ. ಮಂಗಳವಾರ ಬಸ್ಸಿಗೆ ಹೋಗಿ ಸಂಜೆ ಸೈಕಲ್ ತುಳಿದು ಬನ್ನಿ. ಲ್ಯಾಪ್‌ಟಾಪ್, ಡಬ್ಬಿ, ಬಟ್ಟೆ ಎಲ್ಲವೂ ಜೊತೆಗಿರಲಿ. ದಿನದ ಕೆಲಸದಿಂದ ದಣಿದ ಕಾಲೇ ಪರೀಕ್ಷೆಗೆ ಬೇಕಾದ ಕಾಲು. ಹೀಗೆ ಒಂದು ವಾರ, ಆಮೇಲೆ ಮೂರು ದಿನ ಸತತವಾಗಿ ಎರಡೂ ಹೊತ್ತು. ಮೊದಲ ದಿನ ಉತ್ಸಾಹವೇ ಓಡಿಸುತ್ತದೆ. ಮೂರನೆಯ ದಿನ ಮೈ ಏನು ಹೇಳುತ್ತದೋ ಅದನ್ನು ಕೇಳಿ. ಬಿಸಿಲಿಗೆ ಮೈ ಒಗ್ಗಲು 7ರಿಂದ 14 ದಿನ ಬೇಕು. ಒಗ್ಗಿದ ಮೇಲೂ ಎರಡು ಮೂರು ವಾರ ಬಿಟ್ಟರೆ ಹೆಚ್ಚುಕಡಿಮೆ ಮೊದಲಿಂದ ಶುರು.

ನೀರಿನ ಲೆಕ್ಕವನ್ನು ಅಂದಾಜಿನ ಮೇಲೆ ಬಿಡಬೇಡಿ, ತೂಕದ ಯಂತ್ರ ಸಾಕು. ಹೊರಡುವ ಮುಂಚೆ ಮತ್ತು ಮುಟ್ಟಿ ಬೆವರೊರೆಸಿದ ಮೇಲೆ, ಬಟ್ಟೆಯಿಲ್ಲದೆ ತೂಗಿಕೊಳ್ಳಿ. ಕಡಿಮೆಯಾದ ಒಂದು ಕಿಲೋ ಎಂದರೆ ಸುಮಾರು ಒಂದು ಲೀಟರ್ ನೀರು. ಉದಾಹರಣೆಗೆ 62 ಕಿಲೋ ಇದ್ದದ್ದು 61.1 ಆಯಿತು, ದಾರಿಯಲ್ಲಿ 750 ಮಿಲಿಲೀಟರ್ ಕುಡಿದಿದ್ದಿರಿ ಅನ್ನೋಣ. ಹೋದ ಬೆವರು 1.65 ಲೀಟರ್. 80 ನಿಮಿಷದ ದಾರಿಗೆ ಇದು ಗಂಟೆಗೆ ಸುಮಾರು 1.2 ಲೀಟರ್. ಇಳಿಕೆ ಮೈತೂಕದ ಶೇ. 2 ದಾಟಿದರೆ ಬಾಟಲಿ ಸಾಲುತ್ತಿಲ್ಲ ಎಂದರ್ಥ. ತೂಕ ಏರಿದ್ದರೆ ಅಗತ್ಯಕ್ಕಿಂತ ಹೆಚ್ಚು ಕುಡಿದಿದ್ದೀರಿ. ಅದೂ ಒಳ್ಳೆಯದಲ್ಲ, ರಕ್ತದಲ್ಲಿ ಸೋಡಿಯಂ ತೆಳುವಾಗುತ್ತದೆ.

ಧಾರವಾಡದ ಒಣ ಸೆಕೆಯಲ್ಲಿ ಬೆವರು ಕಣ್ಣಿಗೆ ಕಾಣುವ ಮುಂಚೆಯೇ ಆರುತ್ತದೆ, ಹಾಗಾಗಿ ಬೆವರೇ ಬರಲಿಲ್ಲ ಅನ್ನಿಸುತ್ತದೆ. ಮಂಗಳೂರಲ್ಲಿ ಅದು ಆರದೆ ತೊಟ್ಟಿಕ್ಕುತ್ತದೆ, ಮೈ ತಣಿಯುವುದೇ ಇಲ್ಲ. ಗಾಳಿಯ ಉಷ್ಣತೆ 35 ಡಿಗ್ರಿ ದಾಟಿದರೆ, ಚರ್ಮದ ಶಾಖವೂ ಅಷ್ಟೇ ಇರುವುದರಿಂದ, ಬರೀ ಗಾಳಿ ತಂಪು ಮಾಡದು, ಬೆವರು ಆರಬೇಕು. ಸಿಗ್ನಲ್‌ನಲ್ಲಿ ನಿಂತ ಕೂಡಲೇ ಗಾಳಿ ತಪ್ಪಿ, ಆರದ ಬೆವರು ಧಾರಾಕಾರ ಸುರಿಯುತ್ತದೆ.

ಸಂಜೆಗೆ 750 ಮಿಲಿಲೀಟರಿನ ಎರಡು ಬಾಟಲಿ ಇರಲಿ. ಒಂದರಲ್ಲಿ ನೀರು, ಇನ್ನೊಂದರಲ್ಲಿ ಓಆರ್‌ಎಸ್. ಪೊಟ್ಟಣದ ಮೇಲೆ ಒಂದು ಲೀಟರಿಗೆ ಎಂದಿದ್ದರೆ ಒಂದು ಲೀಟರಿಗೇ ಕಲಸಿ, ಅರ್ಧ ಲೀಟರಿಗೆ ಪೂರ್ತಿ ಸುರಿಯಬೇಡಿ. ಮನೆಯಲ್ಲೇ ಮಾಡುವುದಾದರೆ ಲೀಟರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡೂ ಚಮಚದ ಮಟ್ಟಕ್ಕೆ. ಬಿಪಿ, ಕಿಡ್ನಿ ತೊಂದರೆಗೆ ಔಷಧಿ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿಯೇ ಈ ಸಾಹಸಕ್ಕಿಳಿಯಬೇಕು. ಮಜ್ಜಿಗೆ ಒಳ್ಳೆಯದೇ, ಆದರೆ ಮನೆ ಮುಟ್ಟಿದ ಮೇಲೆ. ಬಾಟಲಿಯಲ್ಲಿ ದಿನವಿಡೀ ಇಟ್ಟರೆ ಹುಳಿ ಬಂದು, ಮುಚ್ಚಳ ತೆಗೆದಾಗ ಅಂಗಿಗೆ ಹಾರುತ್ತದೆ.

ಹೊರಡುವ ಹೊತ್ತು ಎಲ್ಲಕ್ಕಿಂತ ಮುಖ್ಯ. ಸಂಜೆ ಐದೂವರೆಗೆ ರಸ್ತೆ ಇನ್ನೂ ಕಾದೇ ಇರುತ್ತದೆ. ಆರೂಕಾಲಿಗೆ ಹುಬ್ಬಳ್ಳಿ ಬಿಟ್ಟರೆ ನಡುದಾರಿಯ ರಾಯಾಪುರ ದಾಟುವಷ್ಟರಲ್ಲಿ ಬಿಸಿಲು ಇಳಿದಿರುತ್ತದೆ. ಆದರೆ ಮುಂದೆ ಸತ್ತೂರು, ನವಲೂರು ಕತ್ತಲಲ್ಲಿ. ಹಿಂದೆ ಕೆಂಪು ದೀಪ, ಮುಂದೆ ಬಿಳಿ ದೀಪ ಇಲ್ಲದೆ ಈ ಲೆಕ್ಕ ಹಾಕಬೇಡಿ. ಬಸ್ ಪಥದೊಳಗೆ ನುಗ್ಗುವ ಆಸೆಯೂ ಬೇಡ. ಎದುರುಗಾಳಿಯಲ್ಲಿ ಬೆಳಗಿನ ವೇಗ ಬರಲಿ ಎಂದು ಹಟ ಹಿಡಿಯುವುದೇ ಮೈ ಕಾಯಲು ದೊಡ್ಡ ಕಾರಣ. ಪೆಡಲಿಗೆ 100 ವ್ಯಾಟ್ ಹೋದರೆ ಅದರ ಮೂರು ನಾಲ್ಕು ಪಟ್ಟು ಶಾಖವಾಗಿ ಮೈಯಲ್ಲೇ ಉಳಿಯುತ್ತದೆ. ಗೇರ್ ಇಳಿಸಿ, ನಿಮಿಷಕ್ಕೆ 70–80 ಸುತ್ತು ಹಗುರವಾಗಿ ತುಳಿದು, ಗಂಟೆಗೆ 14–15 ಕಿಲೋಮೀಟರಿಗೆ ಒಪ್ಪಿಕೊಳ್ಳಿ. ಬಿಸಿಲಲ್ಲಿ ಮೈ ಜುಮ್ಮೆಂದು ರೋಮ ನಿಂತರೆ, ತಲೆ ಸಿಡಿದರೆ, ವಾಕರಿಕೆ ಬಂದರೆ ಕೂಡಲೇ ನೆರಳು ಹುಡುಕಿ, ತಲೆ ಕುತ್ತಿಗೆಗೆ ನೀರು ಸುರಿದುಕೊಳ್ಳಿ, ಉಳಿದ ದಾರಿ ಬಸ್ಸಿನಲ್ಲಿ. ಮಾತು ತಡವರಿಸುವ, ತಬ್ಬಿಬ್ಬಾಗುವ ಸವಾರ ಕಂಡರೆ ಮೈಗೆ ನೀರು ಹಾಕುತ್ತಲೇ 108ಕ್ಕೆ ಕರೆ ಮಾಡಿ.

ಬೆನ್ನಿನ ಚೀಲ ಬೇಡವೇ ಬೇಡ. ಬೆವರು ಆರಬೇಕಾದ ದೊಡ್ಡ ಜಾಗವನ್ನೇ ಅದು ಮುಚ್ಚುತ್ತದೆ. ಕ್ಯಾರಿಯರ್ ಹಾಕಿಸಿ ಪಕ್ಕಕ್ಕೆ ತೂಗುಬಿಡಿ. ಹೆಲ್ಮೆಟ್ ಒಳಗೆ ತೆಳು ಹತ್ತಿಯ ಟೋಪಿ ನೆನೆಸಿ ಹಾಕಿಕೊಂಡರೆ ಅರ್ಧ ದಾರಿಗೆ ಬರುತ್ತದೆ. ಆಫೀಸು ಮುಟ್ಟಿದ ತಕ್ಷಣ ಬಟ್ಟೆ ಬದಲಿಸಬೇಡಿ, ಹದಿನೈದು ನಿಮಿಷ ಫ್ಯಾನ್ ಕೆಳಗೆ ನಿಲ್ಲಿ. ತುಳಿಯುವುದು ನಿಂತರೂ ಬೆವರು ನಿಲ್ಲುವುದಿಲ್ಲ, ಇಸ್ತ್ರಿ ಅಂಗಿ ಐದೇ ನಿಮಿಷಕ್ಕೆ ಒದ್ದೆ.

ಸೈಕಲ್ ವಿಷಯದಲ್ಲಿ ಒಂದು ನಂಬಿಕೆಯನ್ನು ಬಿಡಿಸಬೇಕಿದೆ: ಬೇಸಿಗೆಯಲ್ಲಿ ಗಾಳಿ ಕಡಿಮೆ ಇಟ್ಟರೆ ಟೈರ್ ಸಿಡಿಯುವುದಿಲ್ಲವಂತೆ. ಲೆಕ್ಕ ನೋಡಿ. 25 ಡಿಗ್ರಿಯಲ್ಲಿ 60 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ತುಂಬಿದರೆ 45 ಡಿಗ್ರಿಯಲ್ಲಿ ಅದು 65ರ ಆಸುಪಾಸು, ಅಷ್ಟೇ. ಟೈರಿನ ಬದಿಯಲ್ಲಿ ಬರೆದ ಮಿತಿಯೊಳಗಿದ್ದರೆ ಚಿಂತೆಯಿಲ್ಲ. ಗಾಳಿ ಕಡಿಮೆಯಿದ್ದರೇ ಗುಂಡಿಗೆ ಬಿದ್ದಾಗ ರಿಮ್ ಕಚ್ಚಿ ಟ್ಯೂಬಿಗೆ ಜೋಡಿ ತೂತು. ಬಿಸಿಲಿಗೆ ನಿಜಕ್ಕೂ ಕೈಕೊಡುವುದು ಹಳೆಯ ಪ್ಯಾಚ್. ಸ್ಟಿಕ್ಕರ್ ಥರ ಅಂಟಿಸುವ ಪ್ಯಾಚ್ ತಗಡಿನ ಚಾವಣಿಯ ಪಾರ್ಕಿಂಗ್‌ನಲ್ಲಿ ದಿನವಿಡೀ ಕಾದು ಅಂಚು ಬಿಡುತ್ತದೆ, ಸಂಜೆ ನೋಡಿದರೆ ಚಕ್ರ ಚಪ್ಪಟೆ. ಟ್ಯೂಬನ್ನು ಉಜ್ಜಿ, ಸೊಲ್ಯೂಷನ್ (ರಬ್ಬರ್ ಅಂಟು) ಹಚ್ಚಿ, ಅದು ಆರಿದ ಮೇಲೆ ಒತ್ತಿದ ಪ್ಯಾಚ್ ನಿಲ್ಲುತ್ತದೆ. ರಸ್ತೆಯಂಚಿನ ಜಾಲಿಮುಳ್ಳಿಗಾಗಿ ಒಂದು ಹೊಸ ಟ್ಯೂಬ್, ಟೈರ್ ಬಿಚ್ಚುವ ಎರಡು ಲಿವರ್, ಪಂಪು ಸದಾ ಇರಲಿ. ಚೈನಿಗೆ ಬೈಕಿನ ಇಂಜಿನ್ ಆಯಿಲ್ ಹಚ್ಚಬೇಡಿ, ಈ ಧೂಳಿನಲ್ಲಿ ಅದು ಅರೆಯುವ ಕಲ್ಲಾಗುತ್ತದೆ.

ಇನ್ನು ಅಶ್ವಿನಿ, ಭರಣಿ ಮಳೆ. ಸೆಕೆ ವಿಪರೀತವಾದ ದಿನ ಸಂಜೆ ಮೋಡ ಕಟ್ಟಿ ಗಾಳಿ ದಿಢೀರನೆ ತಣ್ಣಗಾದರೆ ತಂಪಾಯಿತೆಂದು ಹೊರಟುಬಿಡಬೇಡಿ, ಸಿಡಿಲು ಹಿಂದೆಯೇ ಬರುತ್ತದೆ. ಗುಡುಗು ಕೇಳಿಸಿದರೆ ಸೈಕಲ್ ಆಫೀಸಿನಲ್ಲೇ ಇರಲಿ. ದಾರಿಯಲ್ಲಿ ಸಿಕ್ಕಿಕೊಂಡರೆ ಮರದಡಿ ನಿಲ್ಲದೆ ಕಟ್ಟಡದೊಳಗೆ ಹೋಗಿ, ಕೊನೆಯ ಗುಡುಗಿನಿಂದ ಅರ್ಧ ಗಂಟೆ ಕಳೆದ ಮೇಲೆ ಹೊರಡಿ.